ಹಿಮ್ಮಡಿಯ ಹಗ್ಗ

ಮನುಷ್ಯನು ತನ್ನ ಮುಖವನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾನೆ. ಕೂದಲಿಗೆ ಎಣ್ಣೆ ಹಚ್ಚುತ್ತಾನೆ. ಹಲ್ಲು ನೋಯುವ ಮುನ್ನವೇ ಹಲ್ಲಿನ ವೈದ್ಯರ ವಿಳಾಸವನ್ನು ವಿಚಾರಿಸಿಟ್ಟುಕೊಳ್ಳುತ್ತಾನೆ. ಹಿಮ್ಮಡಿಯ ಕಡೆಗೆ ಮಾತ್ರ ಅವನ ದೃಷ್ಟಿ ಹರಿಯುವುದಿಲ್ಲ. ಜನ್ಮವಿಡೀ ಬೆನ್ನ ಹಿಂದೆಯೇ ನಿಂತು, ನೆಲಕ್ಕೆ ಅಂಟಿಕೊಂಡು, ಒಡೆಯನ ಭಾರವನ್ನೆಲ್ಲ ಹೊರುವ ಈ ಸೇವಕನಿಗೆ ಸಿಕ್ಕುವ ಉಪಚಾರವೆಂದರೆ ಚಳಿಗಾಲದಲ್ಲಿ ಒಡಕು ಬಿಟ್ಟಾಗ ಸವರುವ ಒಂದಿಷ್ಟು ಎಣ್ಣೆ, ಅಷ್ಟೆ. ಆದರೆ ಈ ಸೇವಕನು ಒಂದು ದಿನ ಮುನಿದು ಕುಳಿತನೆಂದರೆ, ಒಡೆಯನು ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವುದೂ ಗೋಡೆಯ ಆಸರೆಯಿಂದಲೇ ಆಗಬೇಕು.

ಕಾಲಿನ ಹಿಂಬದಿಯ ಮೀನಖಂಡದ ಮಾಂಸಪೇಶಿಗಳು ಕೆಳಗಿಳಿಯುತ್ತ ಕಿರಿದಾಗಿ, ಬಿಳಿಯ ಗಟ್ಟಿ ಹುರಿಯಾಗಿ ಕೂಡಿಕೊಂಡು, ಹಿಮ್ಮಡಿಯ ಮೂಳೆಗೆ ಕಚ್ಚಿಕೊಳ್ಳುತ್ತವೆ. ಜನ ಇದನ್ನು ಹಿಮ್ಮಡಿಯ ನರ ಎನ್ನುವುದುಂಟು. ಆದರೆ ಇದು ನರವಲ್ಲ. ಮಾಂಸಪೇಶಿಯ ಎಳೆತವನ್ನು ಮೂಳೆಗೆ ಮುಟ್ಟಿಸುವ ಹಗ್ಗ. ಸುಮಾರು 15 ಸೆಂಟಿಮೀಟರ್ ಉದ್ದದ ಈ ಹಗ್ಗಕ್ಕಿಂತ ದಪ್ಪನೆಯ, ಬಲವಾದ ಹಗ್ಗ ಮನುಷ್ಯ ದೇಹದಲ್ಲಿ ಬೇರೊಂದಿಲ್ಲ. ಓಡುವವನ ಹೆಜ್ಜೆ ಹೆಜ್ಜೆಗೂ ಅವನ ಮೈತೂಕದ ಹಲವು ಪಟ್ಟು ಭಾರ ಇದರ ಮೇಲೆ ಬೀಳುತ್ತದೆ. ಸುಶ್ರುತಸಂಹಿತೆಯು ಇಂಥ ದಪ್ಪ ಹುರಿಗಳನ್ನು ಕಂಡರಗಳೆಂದು ಕರೆದು, ದೇಹದಲ್ಲಿ ಒಟ್ಟು 16 ಎಂದು ಎಣಿಸಿ, ಅವುಗಳಲ್ಲಿ ನಾಲ್ಕನ್ನು ಕಾಲುಗಳ ಪಾಲಿಗೆ ಕೊಟ್ಟಿದೆ.

ಪಾಶ್ಚಾತ್ಯ ವೈದ್ಯದಲ್ಲಿ ಇದಕ್ಕೆ ಅಕಿಲೀಸನ ಹುರಿಯೆಂದು ಹೆಸರು. ಗ್ರೀಕರ ವೀರನಾದ ಅಕಿಲೀಸನನ್ನು ಅವನ ತಾಯಿ ಶಿಶುವಾಗಿದ್ದಾಗ ಸ್ಟಿಕ್ಸ್ ನದಿಯಲ್ಲಿ ಮುಳುಗಿಸಿದಳಂತೆ. ಆಕೆಯ ಕೈ ಹಿಡಿದಿದ್ದ ಹಿಮ್ಮಡಿಯೊಂದು ನೀರು ಸೋಕದೆ ಉಳಿಯಿತು. ಮುಂದೆ ಶತ್ರುವಿನ ಬಾಣ ಅಲ್ಲಿಗೇ ಬಂದು ನಾಟಿತು. ಮೌಸಲಪರ್ವದಲ್ಲಿ ಜರನೆಂಬ ಬೇಡನ ಬಾಣವು ಶ್ರೀಕೃಷ್ಣನ ಅಂಗಾಲಿಗೆ ತಗುಲಿದುದು ವಾಚಕರಿಗೆ ಇಲ್ಲಿ ನೆನಪಾಗದೆ ಇರದು. ಎರಡು ದೇಶಗಳ ಪುರಾಣಗಳೂ ಮಹಾಪುರುಷನ ಮೃತ್ಯುವನ್ನು ಅವನ ಕಾಲಿನ ಕೆಳಗೆ ತಂದಿಟ್ಟಿರುವುದು ಸೋಜಿಗವೇ ಸರಿ. ಈ ಹುರಿಗೆ ಅಕಿಲೀಸನ ಹೆಸರನ್ನು ತನ್ನ 1693ರ ಗ್ರಂಥದಲ್ಲಿ ಜೋಡಿಸಿದವನು ಫಿಲಿಪ್ ವೆರ್ಹೇಯನ್ ಎಂಬ ಅಂಗರಚನಾಶಾಸ್ತ್ರಜ್ಞ. ಪಾದ್ರಿಯಾಗಬೇಕೆಂದು ಓದುತ್ತಿದ್ದ ಈತನು ಕಾಯಿಲೆಯಿಂದ ಒಂದು ಕಾಲನ್ನೇ ಕತ್ತರಿಸಿಕೊಳ್ಳಬೇಕಾಗಿ ಬಂದು, ಆಮೇಲೆ ವೈದ್ಯಶಾಸ್ತ್ರದ ಕಡೆಗೆ ತಿರುಗಿದನು. ಕಾಲನ್ನು ಕಳೆದುಕೊಂಡವನೇ ಲೋಕದವರೆಲ್ಲರ ಕಾಲಿನ ಹುರಿಗೆ ಹೆಸರಿಟ್ಟಂತಾಯಿತು.

ಒಮ್ಮೆ ಕಾಲನ್ನು ಕಳೆದುಕೊಂಡ ಮನೆಯಲ್ಲಿ ಕಾಲುನೋವು ಬರಿಯ ನೋವಾಗಿ ಉಳಿಯುವುದಿಲ್ಲ. ಶಿವಮೊಗ್ಗೆಯಲ್ಲಿ ಸಾಗರದ ರಸ್ತೆಯ ಆಲ್ಕೊಳದಲ್ಲಿ ಅಂಥದೊಂದು ಮನೆಯಿದೆ. ಆ ಮನೆಯ ಗೃಹಸ್ಥರಿಗೆ 54 ವರ್ಷ. ಲೆಕ್ಕಪತ್ರದ ಮೇಜಿನ ಮುಂದೆ ಕುಳಿತೇ ಮೂವತ್ತು ವರ್ಷ ದುಡಿದವರು. ಅವರ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಕ್ಕರೆ ಕಾಯಿಲೆಯಿದ್ದ ಅವರ ಪಾದಕ್ಕೆ ಚಪ್ಪಲಿಯ ಮೊಳೆ ತಾಗಿ ಹುಣ್ಣಾದುದು ಅವರಿಗೇ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಕೀವು ಏರಿತ್ತು. ಮೊಣಕಾಲಿನ ಕೆಳಗೆ ಕಾಲನ್ನು ತೆಗೆದುಹಾಕಿದರು. ಆ ಮೇಲೆ ಅವರು ಬದುಕಿದ್ದುದು ನಾಲ್ಕು ವರ್ಷ.

ಆದ್ದರಿಂದ ಗೃಹಸ್ಥರ ರಕ್ತದಲ್ಲಿಯೂ ಸಕ್ಕರೆ ಕಾಣಿಸಿಕೊಂಡಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ. ವೈದ್ಯರು ಮಾತ್ರೆಯನ್ನು ಬರೆದುಕೊಟ್ಟು, “ಇದಕ್ಕಿಂತ ದೊಡ್ಡ ಔಷಧ ನಡಿಗೆ” ಎಂದರು. ಗೃಹಸ್ಥರು ಮರುದಿನವೇ ಹೊಸ ಬೂಟು ಕೊಂಡು, ಮೊದಲ ವಾರದಿಂದಲೇ ದಿನಕ್ಕೆ 5 ಕಿಲೋಮೀಟರ್ ಬಿರುಸಾಗಿ ನಡೆಯತೊಡಗಿದರು. ಮೂವತ್ತು ವರ್ಷ ಕುರ್ಚಿಯ ಕೆಳಗೆ ಮಲಗಿದ್ದ ಹಗ್ಗವನ್ನು ಒಂದೇ ವಾರದಲ್ಲಿ ರಥಕ್ಕೆ ಕಟ್ಟಿದಂತಾಯಿತು. ಎರಡು ತಿಂಗಳು ಎಲ್ಲವೂ ಸುಗಮವಾಗಿ ನಡೆಯಿತು, ಸಕ್ಕರೆಯೂ ಇಳಿಯಿತು. ಮೂರನೆಯ ತಿಂಗಳಿನ ಒಂದು ಬೆಳಗ್ಗೆ ಬಲಗಾಲು ನೆಲಕ್ಕೆ ತಾಗುತ್ತಲೇ ಹಿಮ್ಮಡಿಯ ಮೇಲ್ಭಾಗದಲ್ಲಿ ಮರದ ತುಂಡಿನಂತೆ ಬಿಗಿದು ನೋಯಿತು. ಹತ್ತು ಹೆಜ್ಜೆ ನಡೆದ ಮೇಲೆ ನೋವು ಸಡಿಲವಾಯಿತು. ಇದೇ ಈ ಬೇನೆಯ ಮೋಸ. ಬೆಳಗ್ಗೆ ಎದ್ದಾಗ ನೋಯುತ್ತದೆ, ನಡೆದರೆ ಮರೆಯಾಗುತ್ತದೆ, ಮರೆಯಾಯಿತೆಂದು ಇನ್ನಷ್ಟು ನಡೆದರೆ ಮರುದಿನ ಬಡ್ಡಿಸಹಿತ ವಸೂಲು ಮಾಡುತ್ತದೆ. ತಿಂಗಳು ಕಳೆಯುವುದರೊಳಗೆ ಹುರಿಯ ನಡುವೆ, ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲೆ, ಅಡಕೆಯ ಹೋಳಿನಷ್ಟು ಗಾತ್ರದ ಒಂದು ಉಬ್ಬು ಕೈಗೆ ಸಿಗುವಂತಾಯಿತು.

ಮನೆಯ ಮದ್ದುಗಳೆಲ್ಲ ಆದುವು. ವೃದ್ಧ ತಾಯಿ ಇಟ್ಟಿಗೆಯನ್ನು ಕೆಂಡದಲ್ಲಿ ಕಾಯಿಸಿ, ಮೇಲೆ ಎಕ್ಕದೆಲೆಯನ್ನು ಹಾಸಿ, ಮಗನ ಹಿಮ್ಮಡಿಯನ್ನು ಅದರ ಮೇಲೆ ಊರಿಸಿದರು. ಸಕ್ಕರೆಯವರ ಕಾಲಿಗೆ ಬಿಸಿಯ ಅರಿವು ಕಡಮೆಯಿರಬಹುದಾದ್ದರಿಂದ ಈ ಉಪಾಯ ಅಪಾಯಕರವೆಂದು ವೈದ್ಯರು ಆಮೇಲೆ ನಿಲ್ಲಿಸಿದರು. ಔಷಧದಂಗಡಿಯ ನೋವಿನ ಮಾತ್ರೆಗಳೂ ಆದುವು. ಕೊನೆಗೆ ತಾಯಿ, “ಸಾಕಪ್ಪಾ, ನಿಮ್ಮಪ್ಪನ ಕಾಲು ಹೋದದ್ದು ಸಾಲದೇ? ಸುಮ್ಮನೆ ಕೂತುಕೋ, ನಡೆಯಬೇಡ” ಎಂದು ಕಣ್ಣೀರಿಟ್ಟರು. ಗೃಹಸ್ಥರು ಒಂದು ತಿಂಗಳು ಕುಳಿತರು. ನೋವು ಪೂರ್ತಿ ಹೋಯಿತು. ಮತ್ತೆ ಬೂಟು ಹಾಕಿ ಹೊರಟರು. ಮೂರನೆಯ ದಿನವೇ ನೋವು ಮರಳಿತು. ಈ ನಡುವೆ ಸಕ್ಕರೆ ಮಾತ್ರ ಏರಿತ್ತು. ನಡೆದರೆ ಹಿಮ್ಮಡಿ ಬಿಡದು, ಕುಳಿತರೆ ಸಕ್ಕರೆ ಬಿಡದು ಎಂಬ ಇಕ್ಕಟ್ಟಿನಲ್ಲಿ ಆ ಮನೆ ಸಿಕ್ಕಿಕೊಂಡಿತು. ತಾಯಿಯ ಭಯ ತಪ್ಪಲ್ಲ; ಆದರೆ ಆ ಭಯ ತೋರಿಸಿದ ದಾರಿ, ಭಯಪಟ್ಟ ಜಾಗಕ್ಕೇ ಹೋಗಿ ಮುಟ್ಟುವಂತಿತ್ತು.

ಕಚೇರಿಯ ಗೆಳೆಯರೊಬ್ಬರು ತಮ್ಮ ಮೊಣಕಾಲಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡು ವಾರದಲ್ಲಿ ಗುಣವಾದ ಕಥೆಯನ್ನು ಹೇಳಿದರು. ಗೃಹಸ್ಥರು ಅದೇ ಆಸೆಯಿಂದ ಮೂಳೆವೈದ್ಯರ ಬಳಿಗೆ ಹೋದರು. ವೈದ್ಯರು ಅವರನ್ನು ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿ ನೋಡಿದರು. ಹಿಂಡಿದಾಗ ಪಾದ ತಾನಾಗಿ ಕೆಳಕ್ಕೆ ಬಾಗಿತು. ಬಾಗದಿದ್ದರೆ ಹುರಿ ಹರಿದಿದೆಯೆಂದು ಅರ್ಥ. ಹರಿಯುವಾಗ ಹಿಂದಿನಿಂದ ಯಾರೋ ಒದ್ದಂತಾಗುತ್ತದೆ, ಕೆಲವೊಮ್ಮೆ ಟಪ್ಪೆಂಬ ಸದ್ದೂ ಕೇಳಿಸುತ್ತದೆ. ಹಾಗಾದವರು ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅನಂತರ ನೈಲಾನಿನ ಸಣ್ಣ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿ, ಸ್ಪರ್ಶದ ಅರಿವು ಸರಿಯಾಗಿದೆಯೆಂದು ಖಚಿತಪಡಿಸಿಕೊಂಡರು. ಇತ್ತೀಚೆಗೆ ಜ್ವರಕ್ಕೋ ಮೂತ್ರದ ಸೋಂಕಿಗೋ ಸಿಪ್ರೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳನ್ನು ತೆಗೆದುಕೊಂಡಿರೇ ಎಂದೂ ಕೇಳಿದರು. ಆ ಜಾತಿಯ ಔಷಧಗಳು ಈ ಹುರಿಯನ್ನು ನೋಯಿಸಿ ಹರಿಯುವಂತೆಯೂ ಮಾಡಬಲ್ಲವೆಂದು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಔಷಧದ ವಿವರಣಪತ್ರದಲ್ಲಿ ಮುದ್ರಿಸಬೇಕೆಂದು ವಿಧಿಸಿತು.

ಚುಚ್ಚುಮದ್ದಿನ ಮಾತೆತ್ತಿದಾಗ ವೈದ್ಯರು ತಲೆಯಾಡಿಸಿದರು. ಈ ಬೇನೆಯಲ್ಲಿ ಮುಖ್ಯವಾಗಿ ನಡೆಯುವುದು ಉರಿಯೂತವಲ್ಲ, ಎಳೆಗಳ ಸವೆತ. ಒಟ್ಟಾಗಿ ಸಾಲಾಗಿ ಇರಬೇಕಾದ ಎಳೆಗಳು ಅಸ್ತವ್ಯಸ್ತವಾಗಿ, ನಡುವೆ ನೀರು ತುಂಬಿ, ಹುರಿ ದಪ್ಪವಾಗುತ್ತದೆ. ಸ್ಟೀರಾಯ್ಡ್ ಕೆಲವು ವಾರ ನೋವನ್ನು ಮರೆಸೀತು; ಆದರೆ ಮೊದಲೇ ಸವೆದಿರುವ ಹುರಿಯನ್ನು ಇನ್ನಷ್ಟು ಬಡವಾಗಿಸಿ ಹರಿಯುವ ಸಂಭವವನ್ನು ತಂದೊಡ್ಡುತ್ತದೆ. ಸಾಲದುದಕ್ಕೆ ಸಕ್ಕರೆಯನ್ನೂ ಏರಿಸುತ್ತದೆ. ಶಸ್ತ್ರಚಿಕಿತ್ಸೆಯೇ ಎಂದು ಗೃಹಸ್ಥರು ಅಂಜುತ್ತ ಕೇಳಿದರು. “ಅದು ಕಟ್ಟಕಡೆಯ ಮಾತು. ಆರು ತಿಂಗಳು ಕ್ರಮವಾಗಿ ದುಡಿದೂ ಫಲ ಕಾಣದವರಿಗೆ ಅದನ್ನು ಯೋಚಿಸುತ್ತೇವೆ. ನೀವಿನ್ನೂ ದುಡಿದೇ ಇಲ್ಲವಲ್ಲ” ಎಂದು ವೈದ್ಯರು ನಕ್ಕು, ಅವರನ್ನು ಫಿಸಿಯೋಥೆರಪಿಯ ಕೋಣೆಗೆ ಕಳುಹಿಸಿದರು.

ಅಲ್ಲಿ ಯಂತ್ರಗಳ ಸಾಲನ್ನು ನಿರೀಕ್ಷಿಸಿದ್ದ ಗೃಹಸ್ಥರಿಗೆ ಕಂಡುದು ಒಂದು ಮರದ ಮೆಟ್ಟಿಲು. ಚಿಕಿತ್ಸೆ ನೀಡುವ ತರುಣಿ ಅದರ ಅಂಚಿನಲ್ಲಿ ಅವರನ್ನು ಮುಂಗಾಲಿನ ಮೇಲೆ ನಿಲ್ಲಿಸಿದಳು. ಎರಡೂ ಕಾಲುಗಳ ಬಲದಿಂದ ತುದಿಗಾಲಿಗೆ ಏರಬೇಕು. ಆಮೇಲೆ ಮೈಭಾರವನ್ನೆಲ್ಲ ನೋಯುವ ಕಾಲಿಗೆ ಕೊಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗೆ ಇಳಿಸಬೇಕು. ಮೊಣಕಾಲನ್ನು ನೆಟ್ಟಗಿಟ್ಟು 15ರಂತೆ ಮೂರು ಸಲ. ಮೊಣಕಾಲನ್ನು ತುಸು ಮಡಿಸಿ 15ರಂತೆ ಮೂರು ಸಲ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ ಒಟ್ಟು 180. ಹೀಗೆ 12 ವಾರ. “ಭಾನುವಾರ ರಜೆ ಇಲ್ಲ ಸಾರ್” ಎಂದು ಆಕೆ ಸೇರಿಸಿದಳು. ನೋವು ಹುರಿಯ ನಡುವಿನಲ್ಲಿರದೆ ಹಿಮ್ಮಡಿಯ ಮೂಳೆಗೆ ಅಂಟುವಲ್ಲಿಯೇ ಇದ್ದರೆ ಹೀಗೆ ಕೆಳಕ್ಕೆ ಇಳಿಸಬಾರದು, ಸಮನೆಲದವರೆಗೆ ಮಾತ್ರ ಇಳಿಸಬೇಕು; ಎರಡು ನೋವುಗಳೂ ಅಕ್ಕಪಕ್ಕದವಾದರೂ ಚಿಕಿತ್ಸೆ ಒಂದೇ ಅಲ್ಲ. ಆದುದರಿಂದಲೇ ತಜ್ಞರಿಗೆ ತೋರಿಸದೆ ಪಕ್ಕದ ಮನೆಯವರನ್ನು ನೋಡಿ ಮಾಡುವ ಕೆಲಸ ಇದಲ್ಲ.

ಈ ಮೆಟ್ಟಿಲಿನ ಚಿಕಿತ್ಸೆ ಬಂದ ಬಗೆಯನ್ನು ಕೇಳಿದರೆ ಯಾರಿಗಾದರೂ ನಗು ಬಂದೀತು. ಇಳಿಸುವ ವ್ಯಾಯಾಮದ ಬೀಜ 1980ರ ದಶಕದಲ್ಲಿ ಕೆನಡದ ವೈದ್ಯರಲ್ಲಿಯೇ ಇತ್ತು. ಅದನ್ನು ಲೋಕಪ್ರಸಿದ್ಧ ಮಾಡಿದವರು ಸ್ವೀಡನ್ನಿನ ಉಮೆಯೊ ನಗರದ ಮೂಳೆವೈದ್ಯ ಹೋಕನ್ ಆಲ್ಫ್ರೆಡ್ಸನ್. ಓಟಗಾರರಾಗಿದ್ದ ಅವರಿಗೆ ಇದೇ ನೋವು ಬಂದು, ತಮಗೆ ಶಸ್ತ್ರಚಿಕಿತ್ಸೆ ಮಾಡಿರೆಂದು ಮೇಲಧಿಕಾರಿಯನ್ನು ಕೇಳಿಕೊಂಡರು. ಮೇಲಧಿಕಾರಿ ಒಪ್ಪಲಿಲ್ಲ. ಹುರಿ ಹರಿದೇಹೋದರೆ ಆಗಲಾದರೂ ಕತ್ತಿ ಹಿಡಿಯಲೇಬೇಕಷ್ಟೆ ಎಂಬ ಹಟದಿಂದ ಅವರು ನೋವನ್ನು ಲೆಕ್ಕಿಸದೆ ಹಿಮ್ಮಡಿಯನ್ನು ಇಳಿಸಿ ಇಳಿಸಿ ದಂಡಿಸಿದರು. ಹುರಿ ಹರಿಯಲಿಲ್ಲ, ವಾಸಿಯಾಯಿತು! ಇದನ್ನು ಅವರೇ ಹೇಳಿಕೊಂಡಿದ್ದಾರೆ. 1998ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಶಸ್ತ್ರಚಿಕಿತ್ಸೆಗಾಗಿ ಕಾದಿದ್ದ 15 ಮಂದಿ ಓಟಗಾರರು 12 ವಾರ ಹೀಗೆಯೇ ಮಾಡಿ, ಎಲ್ಲರೂ ಮತ್ತೆ ಓಟಕ್ಕೆ ಮರಳಿದರು. ಹೋಲಿಕೆಗೆಂದು ಆರಿಸಿಕೊಂಡ ಬೇರೆ 15 ಮಂದಿ, ವಿಶ್ರಾಂತಿ ಮಾತ್ರೆಗಳಂಥ ರೂಢಿಯ ಚಿಕಿತ್ಸೆಯಿಂದ ಗುಣ ಕಾಣದೆ, ಕಡೆಗೆ ಕತ್ತಿಗೇ ಒಳಗಾದರು. ಮುಂದಿನ ಪರೀಕ್ಷೆಗಳಲ್ಲಿ ಫಲ ಇಷ್ಟು ಪೂರ್ಣವಾಗಿ ಕಾಣಲಿಲ್ಲ. ಆಟಗಾರರಲ್ಲದ, ಕುಳಿತು ಕೆಲಸ ಮಾಡುವ ಜನರಲ್ಲಿ ಹಲವರಿಗೆ ಸಾಕಷ್ಟು ಗುಣ ದೊರೆಯಲಿಲ್ಲ. ಆದರೂ ಇದಕ್ಕಿಂತ ಮೊದಲು ಮಾಡಬೇಕಾದ ಚಿಕಿತ್ಸೆ ಬೇರೊಂದು ಇಂದಿಗೂ ಇಲ್ಲ.

ಆಲ್ಕೊಳದ ಮನೆಯಲ್ಲಿ ಮೆಟ್ಟಿಲಿಗೆ ಕೊರತೆಯಿರಲಿಲ್ಲ. ಮಹಡಿಗೆ ಏರುವ ಮೊದಲ ಮೆಟ್ಟಿಲೇ ಚಿಕಿತ್ಸಾಲಯವಾಯಿತು. ಪಕ್ಕದ ಕಂಬಿ ಕೈಗೆ ಆಸರೆಯಾಯಿತು. ಆರಂಭಿಸಿದ್ದು ಆರಿದ್ರಾ ಮಳೆ ಹಿಡಿದ ದಿನ. ಮಲೆನಾಡಿನ ಪಂಚಾಂಗದಂತೆ ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ; ಆದ್ದರಿಂದ 12 ವಾರವೆಂದರೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ ಎಂದು ಸರಿಯಾಗಿ ಆರು ಮಳೆ. ನೂರೆಂಬತ್ತರ ಲೆಕ್ಕ ತಪ್ಪದಿರಲೆಂದು ಗೃಹಿಣಿ ಒಂದು ಬಟ್ಟಲಿಗೆ ಹನ್ನೆರಡು ಹುಣಿಸೆಬೀಜಗಳನ್ನು ಹಾಕಿ ಅತ್ತೆಯ ಕೈಗೆ ಕೊಟ್ಟರು. ಮಗ ಹದಿನೈದು ಸಲ ಇಳಿದಾಗಲೆಲ್ಲ ಒಂದು ಬೀಜ ಈ ಬಟ್ಟಲಿನಿಂದ ಆ ಬಟ್ಟಲಿಗೆ ಹೋಗುತ್ತಿತ್ತು. ಮುದುಕಿ ಮೊದಮೊದಲು ಬೀಜವನ್ನು ಎತ್ತಿಡುತ್ತಿದ್ದುದು ನಂಬಿಕೆಯಿಂದಲ್ಲ. ಮಗ ಅತಿ ಮಾಡಿಕೊಳ್ಳದಂತೆ ಕಾವಲು ಕಾಯುವುದಕ್ಕಾಗಿ.

ನಡಿಗೆ ನಿಲ್ಲಲಿಲ್ಲ, ಇಳಿಯಿತು. 5 ಕಿಲೋಮೀಟರಿಗೆ ಬದಲು ಒಂದು. ಬಿರುಸಿಗೆ ಬದಲು ನಿಧಾನ. ಮಳೆ ಸುರಿದ ದಿನ ಊಟವಾದ ಮೇಲೆ ಹಜಾರದಲ್ಲಿಯೇ ಹತ್ತು ಹತ್ತು ನಿಮಿಷ. ನೋವಿಗೂ ಒಂದು ಅಳತೆಯಿತ್ತು. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಟ್ಟರೆ, ಐದರವರೆಗೆ ಸಹ್ಯ. ಆದರೆ ಮರುದಿನ ಬೆಳಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಈ ಅಳತೆಗೆ ಒಳಪಟ್ಟು ನಡೆದಾಟ ಓಡಾಟಗಳನ್ನು ಮುಂದುವರಿಸಿದವರೂ, ನಿಲ್ಲಿಸಿ ವ್ಯಾಯಾಮ ಮಾತ್ರ ಮಾಡಿದವರಷ್ಟೇ ಗುಣ ಹೊಂದಿದರೆಂದು 2007ರ ಸ್ವೀಡನ್ನಿನ ಒಂದು ಪರೀಕ್ಷೆಯಲ್ಲಿ ಕಂಡುಬಂದಿತು.

ಪುನರ್ವಸು ಮಳೆ ಮುಗಿಯುವ ವೇಳೆಗೆ ನೋವು ಹೆಚ್ಚಿದಂತೆ ತೋರಿತು. ಮುದುಕಿ ಬೀಜದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, “ಇವತ್ತು ಕೊಡುವುದಿಲ್ಲ” ಎಂದರು. ಗೃಹಸ್ಥರಿಗೂ ಮನಸ್ಸು ಕುಗ್ಗಿತ್ತು. ಅದೇ ವಾರ ಬೆಂಗಳೂರಿನ ಭಾವಮೈದುನರು ದೂರವಾಣಿಯಲ್ಲಿ ಹೊಸ ಚಿಕಿತ್ಸೆಯೊಂದನ್ನು ಬಣ್ಣಿಸಿದರು. ರೋಗಿಯ ರಕ್ತವನ್ನೇ ತೆಗೆದು, ಯಂತ್ರದಲ್ಲಿ ಕಡೆದು, ಅದರ ಸಾರವನ್ನು ಹುರಿಗೆ ಚುಚ್ಚುವುದಂತೆ. ಕೇಳುವುದಕ್ಕೆ ಇಂಪಾಗಿತ್ತು, ಹಣವೂ ಇಂಪಾದಷ್ಟೇ ಇತ್ತು. ಗೃಹಸ್ಥರು ವೈದ್ಯರನ್ನು ವಿಚಾರಿಸಿದರು. ಇದನ್ನು ಹಾಲೆಂಡಿನಲ್ಲಿ 54 ಮಂದಿಯ ಮೇಲೆ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದಾಗ, ಬರಿಯ ಉಪ್ಪುನೀರನ್ನು ಚುಚ್ಚಿಸಿಕೊಂಡವರಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. 2021ರಲ್ಲಿ ಬ್ರಿಟನ್ನಿನ 240 ಮಂದಿಯ ಪರೀಕ್ಷೆಯೂ ಇದೇ ಮಾತನ್ನು ಹೇಳಿತು. ಧ್ವನಿಯ ಅಲೆಗಳಿಂದ ಹುರಿಯನ್ನು ತಟ್ಟುವ ಯಂತ್ರವೊಂದುಂಟು. ವ್ಯಾಯಾಮದ ಜೊತೆಗೆ ಸೇರಿದರೆ ಅದು ಕೆಲವರಿಗೆ ನೆರವಾದೀತು. ವ್ಯಾಯಾಮದ ಬದಲಿಗೆ ಮಾತ್ರ ಯಾವುದೂ ಸಲ್ಲದು.

ತರುಣಿ ಗೃಹಸ್ಥರ ಟಿಪ್ಪಣಿಪುಸ್ತಕವನ್ನು ತಿರುವಿ ನೋಡಿದಳು. ಸಂಜೆಯ ನೋವು ನಾಲ್ಕು, ಬೆಳಗಿನದು ಎರಡು. ಮೊದಲ ವಾರ ಬೆಳಗ್ಗೆ ಐದಿದ್ದುದು ಎರಡಕ್ಕೆ ಇಳಿದಿತ್ತು. ಹೆಚ್ಚಿದ್ದುದು ನೋವಲ್ಲ, ನೋವಿನ ಭಯ. ಆಕೆ ಮುದುಕಿಯನ್ನೂ ಕರೆಸಿ, ಬಾವಿಯ ಹಗ್ಗದ ಉದಾಹರಣೆ ಕೊಟ್ಟಳು. “ಅಜ್ಜೀ, ನೀರು ಸೇದಿದಷ್ಟೂ ಬಾವಿಹಗ್ಗ ಸವೆಯುತ್ತದೆ. ದೇವರು ಕೊಟ್ಟ ಹಗ್ಗ ಹಾಗಲ್ಲ. ಸುಮ್ಮನೆ ತೂಗುಹಾಕಿದರೆ ಅದು ಸೊರಗುತ್ತದೆ. ಹದವರಿತು ಎಳೆದರೆ ಹುರಿಗೊಳ್ಳುತ್ತದೆ. ನಿಮ್ಮ ಮಗ ಮೊದಲು ಹದ ತಪ್ಪಿದರು, ಆಮೇಲೆ ಎಳೆಯುವುದನ್ನೇ ಬಿಟ್ಟರು.” ಮುದುಕಿ ಬಹಳ ಹೊತ್ತು ಸುಮ್ಮನಿದ್ದು, “ಅವರಿಗೂ ಯಾರಾದರೂ ಹೀಗೆ ದಿನಾ ಕಾಲು ನೋಡಿಕೋ ಅಂತ ಹೇಳಿದ್ದರೆ...” ಎಂದು ಗಂಡನನ್ನು ನೆನೆದರು. ಮಾತು ಅಲ್ಲಿಗೇ ನಿಂತಿತು. ಮರುದಿನದಿಂದ ಬೀಜ ಎಣಿಸುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಅವರು ತಾವಾಗಿ ವಹಿಸಿಕೊಂಡರು. ಪ್ರತಿದಿನ ರಾತ್ರಿ ಮಗನ ಎರಡೂ ಅಂಗಾಲುಗಳನ್ನೂ ಬೆರಳುಗಳ ಸಂದುಗಳನ್ನೂ ದೀಪದ ಬೆಳಕಿನಲ್ಲಿ ನೋಡಿ, ಗಾಯವಿಲ್ಲವೆಂದು ಖಾತರಿ ಮಾಡಿಕೊಂಡ ಮೇಲೆಯೇ ಅವರು ಮಲಗುತ್ತಿದ್ದುದು.

ದೇವರು ಕೊಟ್ಟ ಹಗ್ಗದ ವಿಷಯದಲ್ಲಿ ವಿಜ್ಞಾನ ಹೇಳುವ ಇನ್ನೊಂದು ಮಾತು ವಿಚಿತ್ರವಾಗಿದೆ. 1955ರಿಂದ 1963ರವರೆಗೆ ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ವಾತಾವರಣದಲ್ಲಿ ಒಂದು ಬಗೆಯ ಇಂಗಾಲ ಹೆಚ್ಚಿ, ಆ ಕಾಲದಲ್ಲಿ ಬೆಳೆಯುತ್ತಿದ್ದ ಮಕ್ಕಳ ಮೈಯಲ್ಲೆಲ್ಲ ಸೇರಿಕೊಂಡಿತು. ಡೆನ್ಮಾರ್ಕಿನ ವಿಜ್ಞಾನಿಗಳು ಅದನ್ನೇ ಗುರುತಾಗಿ ಹಿಡಿದು ಹಿಮ್ಮಡಿಯ ಹುರಿಯನ್ನು ಪರೀಕ್ಷಿಸಿ, ಅದರ ತಿರುಳು ಸುಮಾರು 17ನೆಯ ವಯಸ್ಸಿನವರೆಗೆ ಬೆಳೆದು, ಆ ಮೇಲೆ ಬಹುಮಟ್ಟಿಗೆ ಹೊಸದಾಗುವುದೇ ಇಲ್ಲವೆಂದು 2013ರಲ್ಲಿ ತಿಳಿಸಿದರು. ಶಾಲೆ ಬಿಡುವ ವಯಸ್ಸಿನಲ್ಲಿ ಹೊಸೆದ ಹಗ್ಗದಿಂದಲೇ ಮನುಷ್ಯ ಜೀವಮಾನವನ್ನೆಲ್ಲ ಎಳೆಯುತ್ತಾನೆ. ಸವೆದ ಎಳೆ ಮತ್ತೆ ಹೊಸದಾಗದಿರಬಹುದು. ಸುತ್ತಲಿನ ಗಟ್ಟಿ ಎಳೆಗಳು ಬಲಿತು ಅದರ ಭಾರವನ್ನು ಹಂಚಿಕೊಳ್ಳುವಂತೆ ಮಾಡುವುದೇ ಮೆಟ್ಟಿಲಿನ ಕೆಲಸ. ಆದುದರಿಂದಲೇ ಅದಕ್ಕೆ ಅಷ್ಟು ವಾರಗಳು ಹಿಡಿಯುವುದು.

ಮಘೆಯ ಮಳೆಯ ಹೊತ್ತಿಗೆ ಬರಿಯ ಮೈಭಾರಕ್ಕೆ ನೋವು ಆಗದಂತಾಯಿತು. ಆಗ ಭಾರ ಹೆಚ್ಚಿಸಬೇಕೆಂಬುದು ನಿಯಮ. ಮಗಳ ಕಾಲೇಜಿನ ಹಳೆಯ ಚೀಲಕ್ಕೆ 5 ಕಿಲೋ ಅಕ್ಕಿ ತುಂಬಿ ಗೃಹಸ್ಥರು ಬೆನ್ನಿಗೆ ಹಾಕಿಕೊಂಡರು. ಅದನ್ನು ಕಂಡ ಗೃಹಿಣಿ, “ಅಂಗಡಿಯಿಂದ ಇದೇ ಅಕ್ಕಿ ತನ್ನಿ ಎಂದರೆ ಆಟೋ ಕೇಳುತ್ತೀರಲ್ಲರೀ!” ಎಂದು ನಕ್ಕರು. ಆ ಮನೆಯಲ್ಲಿ ಕಾಲಿನ ಮಾತಿಗೆ ಯಾರಾದರೂ ನಕ್ಕುದು ಬಹಳ ವರ್ಷಗಳ ಮೇಲೆ ಅದೇ ಮೊದಲು.

ಹುಬ್ಬೆ ಮುಗಿದಾಗ ಪವಾಡವೇನೂ ನಡೆದಿರಲಿಲ್ಲ. ಬೆಳಗಿನ ಬಿಗಿತ ಎರಡು ಮೂರು ಹೆಜ್ಜೆಗಳಿಗೆ ಇಳಿದಿತ್ತು. ಅಡಕೆಯ ಹೋಳಿನಂಥ ಉಬ್ಬು ಇನ್ನೂ ಕೈಗೆ ಸಿಗುತ್ತಿತ್ತು. ಆದರೆ ಗೃಹಸ್ಥರು ಸಾಗರದ ರಸ್ತೆಯಲ್ಲಿ 3 ಕಿಲೋಮೀಟರ್ ನಡೆದು ಬಂದು, ಮರುದಿನವೂ ನಡೆಯಬಲ್ಲವರಾಗಿದ್ದರು. ಸಕ್ಕರೆಯೂ ಮತ್ತೆ ವೈದ್ಯರು ಒಪ್ಪುವ ಮಟ್ಟಕ್ಕೆ ಇಳಿದಿತ್ತು. ವಾರಕ್ಕೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಏರಿಸಬಾರದೆಂದು ತರುಣಿ ಕಟ್ಟಪ್ಪಣೆ ಮಾಡಿದ್ದಳು. ದಿನದಿನದ 180ರ ಬದಲು ಇನ್ನು ಭಾರ ಹೊತ್ತು, ನಿಧಾನವಾಗಿ, ವಾರಕ್ಕೆ ಮೂರೇ ದಿನ ಮಾಡಿದರೆ ಸಾಕೆಂದಳು. ಅಂಥ ಕ್ರಮದಿಂದಲೂ ಅಷ್ಟೇ ಗುಣ ದೊರೆಯುವುದೆಂದು 2015ರಲ್ಲಿ ಡೆನ್ಮಾರ್ಕಿನ ಪರೀಕ್ಷೆಯೊಂದು ತೋರಿಸಿದೆ.

ಈಗ ಆ ಬೀದಿಯವರು ಗೃಹಸ್ಥರನ್ನು ತಡೆದು ಯಾವ ಮಾತ್ರೆ ತೆಗೆದುಕೊಂಡಿರೆಂದು ಕೇಳುವುದುಂಟು. ಮೆಟ್ಟಿಲೆಂದು ಹೇಳಿದರೆ ಅವರ ಮುಖ ಸಪ್ಪಗಾಗುತ್ತದೆ. ಕಾಸು ಖರ್ಚಾಗದ ಔಷಧದಲ್ಲಿ ಯಾರಿಗೂ ವಿಶ್ವಾಸ ಹುಟ್ಟುವುದಿಲ್ಲ. ಮೂರು ತಿಂಗಳು ಕಾಯುವ ಔಷಧದಲ್ಲಂತೂ ಮೊದಲೇ ಇಲ್ಲ. ಗೃಹಸ್ಥರು ವಾದಕ್ಕೆ ನಿಲ್ಲುವುದಿಲ್ಲ. ಮೊದಲು ವೈದ್ಯರಿಗೆ ತೋರಿಸಿರೆಂದಷ್ಟೇ ಹೇಳಿ ಮುಂದೆ ಹೆಜ್ಜೆಯಿಡುತ್ತಾರೆ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಮುದುಕಿ ಹುಣಿಸೆಬೀಜದ ಬಟ್ಟಲನ್ನು ಹಿಡಿದು ಮೆಟ್ಟಿಲಿನ ಬಳಿಗೆ ಬಂದು ಕುಳಿತುಕೊಳ್ಳುತ್ತಾರೆ; ಮಗ ಬರುವುದು ತಡವಾದರೆ ಕೂಗಿ ಕರೆಯುತ್ತಾರೆ.